ತಟ್ಟೆಯ ಕಬ್ಬಿಣ ರಕ್ತಕ್ಕೆ ಬರುವುದೆಷ್ಟು?

ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಏನು ಅಡುಗೆ ಮಾಡಿದ್ದರು? ಮೊನ್ನೆ? ಅದರ ಹಿಂದಿನ ದಿನ? ಒಂದು ವಾರದ ಊಟವನ್ನು ನೆನಪಿಸಿಕೊಂಡು ಬರೆಯಲು ಪ್ರಯತ್ನಿಸಿ. ಮೂರು ದಿನ ದಾಟುವಷ್ಟರಲ್ಲಿ ನೆನಪು ತಡವರಿಸುತ್ತದೆ. ದಿನವೂ ತಿನ್ನುವುದನ್ನು ನಾವು ಗಮನಿಸುವುದು ಅಷ್ಟು ಕಡಿಮೆ!

ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ಭೇರ್ಯ ಎಂಬ ಊರಿದೆ. ಅದರ ಸುತ್ತಲಿನ ಯಾವುದೇ ಶಾಲೆಯಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. ರಾಗಿಮುದ್ದೆ, ಉಪ್ಸಾರು, ಮುದ್ದೆ, ಬಸ್ಸಾರು, ಅನ್ನ, ಮೊಳಕೆ ಹುರುಳಿಕಾಳಿನ ಸಾರು, ಮಸ್ಸೊಪ್ಪು. ಚಳಿಗಾಲವಾದರೆ ಹಿದುಕಿದ ಅವರೆಬೇಳೆ ಸಾರು. ಭಾನುವಾರ ಕೆಲವರ ಮನೆಯಲ್ಲಿ ಬಾಡಿನ ಸಾರು ಅಥವಾ ಮೀನು. ಕಾವೇರಿ ನಾಲೆಗಳ ಕೆಳಗಿನ ಊರುಗಳಲ್ಲಿ ಅನ್ನದ ಪಾಲು ಹೆಚ್ಚು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಮಳೆಯಾಧಾರಿತ ಹಳ್ಳಿಗಳಲ್ಲಿ ಮುದ್ದೆಯ ಪಾಲು ಹೆಚ್ಚು.

ಇದು ಒಳ್ಳೆಯ ಊಟವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕವನ್ನು ತೆರೆದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಸೊಪ್ಪು, ಹುರುಳಿಗಳಲ್ಲೂ ಕಬ್ಬಿಣ ಧಾರಾಳವಾಗಿದೆ.

ಹಾಗಿದ್ದರೆ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಳಿತುಬಿಡುವ ಹುಡುಗಿಯರು ನಮ್ಮ ಶಾಲೆಗಳಲ್ಲಿ ಏಕಿದ್ದಾರೆ? 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 65.5. ರಕ್ತಹೀನತೆಗೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದದ್ದು ಕಬ್ಬಿಣದ ಕೊರತೆ.

ತಟ್ಟೆಯಲ್ಲಿ ಕಬ್ಬಿಣವಿದೆ, ರಕ್ತದಲ್ಲಿ ಇಲ್ಲ. ನಡುವೆ ಏನಾಗುತ್ತದೆ? ಈ ಲೇಖನದ ವಿಷಯ ಅದೇ.

ಇರುವುದು ಬೇರೆ, ಸಿಗುವುದು ಬೇರೆ

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದು ಇಟ್ಟುಕೊಳ್ಳಿ. ಅದರಲ್ಲಿ 4.6 ಮಿಲಿಗ್ರಾಂ ಕಬ್ಬಿಣವಿದೆ. ಧಾನ್ಯ, ಬೇಳೆಗಳೇ ಮುಖ್ಯವಾದ ನಮ್ಮ ಊಟದಿಂದ ದೇಹ ಹೀರಿಕೊಳ್ಳುವ ಕಬ್ಬಿಣ ಶೇ. 5ರಿಂದ 8ರಷ್ಟು ಮಾತ್ರ ಎಂದು ಪೋಷಣಾ ತಜ್ಞರು ಲೆಕ್ಕ ಹಿಡಿಯುತ್ತಾರೆ. ಶೇ. 5 ಎಂದರೆ ಒಂದು ಮುದ್ದೆಯಿಂದ ರಕ್ತಕ್ಕೆ ಸೇರುವುದು 0.23 ಮಿಲಿಗ್ರಾಂ. ದಿನಕ್ಕೆ ಎರಡು ಮುದ್ದೆ ತಿಂದರೆ 0.46 ಮಿಲಿಗ್ರಾಂ.

ಹದಿಹರೆಯದ ಹುಡುಗಿಯ ದೇಹಕ್ಕೆ ದಿನವೂ ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ ಕಬ್ಬಿಣ ಒಳಗೆ ಸೇರಬೇಕು. ಬೆಳವಣಿಗೆಗೂ ಬೇಕು, ಮುಟ್ಟಿನಲ್ಲಿ ಹೋದದ್ದನ್ನು ತುಂಬಲೂ ಬೇಕು. ಲೆಕ್ಕ ಹೊಂದುವುದಿಲ್ಲ, ಅಲ್ಲವೇ? ಉಳಿದ ಕಬ್ಬಿಣ ಕರುಳಿನಲ್ಲಿ ಹಾದು ಮಲದೊಂದಿಗೆ ಹೊರಗೆ ಹೋಗುತ್ತದೆ.

ಆಹಾರದಲ್ಲಿರುವ ಕಬ್ಬಿಣ ಎರಡು ಬಗೆಯದು. ಮಾಂಸ, ಮೀನುಗಳಲ್ಲಿರುವ ಹೀಮ್ ಕಬ್ಬಿಣ ಒಂದು. ಇದು ಒಂದು ಅಣುವಿನ ಚೌಕಟ್ಟಿನೊಳಗೆ ಭದ್ರವಾಗಿ ಕುಳಿತಿರುವುದರಿಂದ ಶೇ. 15ರಿಂದ 35ರಷ್ಟು ಹೀರಿಕೆಯಾಗುತ್ತದೆ. ಇನ್ನೊಂದು ರಾಗಿ, ಕಾಳು, ಸೊಪ್ಪುಗಳಲ್ಲಿರುವ ಹೀಮ್ ಅಲ್ಲದ ಕಬ್ಬಿಣ. ಇದಕ್ಕೆ ಅಂಥ ರಕ್ಷಣೆ ಇಲ್ಲ. ಸಣ್ಣಕರುಳಿನ ಮೊದಲ ಭಾಗವನ್ನು ತಲುಪುವ ಹೊತ್ತಿಗೆ ಅದು ಯಾರ ಜೊತೆ ಸೇರಿಕೊಂಡಿದೆ ಎಂಬುದರ ಮೇಲೆ ಅದರ ಗತಿ ನಿಂತಿದೆ.

ಅದನ್ನು ಹಿಡಿದಿಡುವವರು ಮುಖ್ಯವಾಗಿ ಇಬ್ಬರು. ಮೊದಲನೆಯದು ಫೈಟೇಟ್. ಬೀಜವು ತನ್ನ ಮುಂದಿನ ಸಸಿಗಾಗಿ ರಂಜಕವನ್ನು ಕೂಡಿಡುವ ರೂಪವೇ ಫೈಟೇಟ್. ಅದರ ಅಣುವಿನಲ್ಲಿ ಆರು ಫಾಸ್ಫೇಟ್ ಗುಂಪುಗಳಿದ್ದು, ಅವು ಕಬ್ಬಿಣ, ಸತು, ಕ್ಯಾಲ್ಸಿಯಂ ಅಯಾನುಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಎರಡನೆಯದು ಟ್ಯಾನಿನ್ ಮತ್ತು ಅದರ ಬಳಗದ ಪಾಲಿಫೀನಾಲುಗಳು. ರಾಗಿಯ ಕೆಂಪು ಸಿಪ್ಪೆಯಲ್ಲಿ, ಕಾಳುಗಳ ಬಣ್ಣದ ಸಿಪ್ಪೆಯಲ್ಲಿ, ಚಹಾದಲ್ಲಿ ಇವು ಇರುತ್ತವೆ. ಅಡಿಕೆಯ ಒಗರು ಕೂಡ ಟ್ಯಾನಿನ್ನಿನದೇ. ರಾಗಿಕಾಳು ಸಣ್ಣದು, ಒಳಗೆ ಮೆತ್ತಗೆ, ಸಿಪ್ಪೆ ಬಿಗಿ. ಆದ್ದರಿಂದ ಅಕ್ಕಿಯಂತೆ ಅದನ್ನು ಸುಲಭವಾಗಿ ಪಾಲಿಶ್ ಮಾಡಲಾಗದು. ಸಿಪ್ಪೆ ಸಮೇತ ಬೀಸುತ್ತೇವೆ. ಇದರಿಂದ ನಾರು, ಖನಿಜ ಎಲ್ಲವೂ ಉಳಿಯುತ್ತವೆ, ಜೊತೆಗೆ ಟ್ಯಾನಿನ್ನೂ ಉಳಿಯುತ್ತದೆ.

ಹಾಗೆಂದು ರಾಗಿಯನ್ನು ಬಿಡಬೇಕೆ? ಖಂಡಿತ ಬೇಡ. ಫೈಟೇಟ್ ಮತ್ತು ಪಾಲಿಫೀನಾಲುಗಳಿಂದ ದೇಹಕ್ಕೆ ಬೇರೆ ಉಪಯೋಗಗಳೂ ಇವೆ. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದಾಗ ರಾಗಿಯ ಹೊಗಳಿಕೆ ಬಹಳ ಕೇಳಿಬಂತು. ಅದು ತಪ್ಪಲ್ಲ. ರಾಗಿ ತಿಂದ ಮಾತ್ರಕ್ಕೆ ಕಬ್ಬಿಣದ ಚಿಂತೆ ಮುಗಿಯಿತು ಎಂಬುದು ಮಾತ್ರ ಸರಿಯಲ್ಲ. ಕಬ್ಬಿಣವನ್ನು ಬಿಡಿಸಿಕೊಳ್ಳುವ ಕೆಲಸ ಅಡುಗೆಮನೆಯಲ್ಲಿ ನಡೆಯಬೇಕು. ಅದು ಮೂರು ಹಂತಗಳಲ್ಲಿ ಸಾಧ್ಯ: ಒಲೆ ಹಚ್ಚುವ ಮೊದಲು, ಒಲೆಯ ಮೇಲಿರುವಾಗ, ಮತ್ತು ಒಲೆಯಿಂದ ಇಳಿಸಿದ ಮೇಲೆ.

ಒಲೆ ಹಚ್ಚುವ ಮೊದಲು

ಕುದಿಸಿದರೆ ಫೈಟೇಟ್ ನಾಶವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಹೆಚ್ಚಿನಂಶ ನಾಶವಾಗುವುದಿಲ್ಲ. ಅದು ಶಾಖವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದನ್ನು ಒಡೆಯಲು ಫೈಟೇಸ್ ಎಂಬ ಕಿಣ್ವ ಬೇಕು. ಈ ಕಿಣ್ವ ಬೀಜದಲ್ಲೇ ಇದೆ. ಒಣ ಬೀಜದಲ್ಲಿ ಅದು ಸುಮ್ಮನಿರುತ್ತದೆ. ನೀರು ತಗುಲಿ ಮೊಳಕೆ ಒಡೆಯತೊಡಗಿದಾಗ, ಸಸಿಗೆ ರಂಜಕ ಬೇಕಾದ್ದರಿಂದ, ಕೆಲಸಕ್ಕಿಳಿಯುತ್ತದೆ. ಆದರೆ ಕುದಿಯುವ ನೀರಿಗೆ ಬಿದ್ದ ತಕ್ಷಣ ಕಿಣ್ವ ಕೆಟ್ಟುಹೋಗುತ್ತದೆ. ಎಂದರೆ, ಎಸರಿಗೆ ಹಿಟ್ಟು ಹಾಕಿದ ಮೇಲೆ ಫೈಟೇಸ್‌ನಿಂದ ಪ್ರಯೋಜನವಿಲ್ಲ. ಅದಕ್ಕೆ ಸಮಯ ಕೊಡಬೇಕಾದದ್ದು ಅದಕ್ಕೂ ಮೊದಲು.

ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ, ಒಂದೂವರೆ ದಿನ ಮೊಳಕೆ ಬರಿಸುವ ನಮ್ಮ ಪದ್ಧತಿಯಲ್ಲಿ ಈ ರಸಾಯನ ವಿಜ್ಞಾನವೇ ಅಡಗಿದೆ. ಫೈಟೇಟ್ ಕಡಿಮೆಯಾಗುತ್ತದೆ. ಸಿಪ್ಪೆಯ ಟ್ಯಾನಿನ್ ಸ್ವಲ್ಪ ನೆನೆಹಾಕಿದ ನೀರಿಗೆ ಇಳಿಯುತ್ತದೆ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ಅವರೆಯನ್ನು ನೆನೆಸಿ ಹಿದುಕುವಾಗ ಸಿಪ್ಪೆಯ ಜೊತೆಗೆ ಅದರ ಟ್ಯಾನಿನ್ನೂ ಹೊರಟುಹೋಗುತ್ತದೆ. ಜೊತೆಗೆ ನಾರೂ ಹೋಗುತ್ತದೆ ಎಂಬುದು ಬೇರೆ ಮಾತು. ರಾತ್ರಿ ಕಲಸಿಟ್ಟು ಹುಳಿ ಬರಿಸಿದ ಅಂಬಲಿ, ದೋಸೆ, ಇಡ್ಲಿ ಹಿಟ್ಟುಗಳಲ್ಲೂ ಫೈಟೇಟ್ ಇಳಿಯುತ್ತದೆ. ಬ್ಯಾಕ್ಟೀರಿಯಾಗಳು ಉಂಟುಮಾಡುವ ಲ್ಯಾಕ್ಟಿಕ್ ಆಮ್ಲವೂ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ.

ಮಗುವಿಗೆ ಉಣಿಸುವ ಮೊಳಕೆ ರಾಗಿಯ ಸರಿಯಲ್ಲಿ ಇನ್ನೊಂದು ವಿಶೇಷವಿದೆ. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುವುದರಿಂದ ಗಂಜಿ ತೆಳುವಾಗುತ್ತದೆ. ಪುಟ್ಟ ಮಗು ನುಂಗುವಷ್ಟು ತೆಳುವಾದ ಗಂಜಿಯಲ್ಲೇ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲೇ ಇದೇ ತತ್ತ್ವದ ಮೇಲೆ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದ್ದರು.

ಒಲೆಯ ಮೇಲೆ

ಉಪ್ಸಾರು ಮಾಡುವುದನ್ನು ನೀವು ನೋಡಿರುತ್ತೀರಿ. ಕಾಳು ಅಥವಾ ಬೇಳೆಯ ಜೊತೆ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ, ನೀರನ್ನು ಬಸಿದುಕೊಳ್ಳುತ್ತಾರೆ. ಬೆಂದ ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸಿದ ನೀರೇ ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರವನ್ನು ಬೇಕಾದಷ್ಟು ಕಲಸಿಕೊಂಡು ಮುದ್ದೆ ಉಣ್ಣುತ್ತಾರೆ. ಬಸ್ಸಾರಿನಲ್ಲಿ ಅದೇ ನೀರಿಗೆ ಮಸಾಲೆ ರುಬ್ಬಿ ಹಾಕಿ ಕುದಿಸುತ್ತಾರೆ.

ಸೊಪ್ಪು ಬೇಯುವಾಗ ನೀರಿನಲ್ಲಿ ಕರಗುವ ಫೋಲೇಟ್ ಮತ್ತಿತರ ಬಿ ಗುಂಪಿನ ವಿಟಮಿನ್‌ಗಳು, ಪೊಟಾಸಿಯಂನಂಥ ಖನಿಜಗಳು ನೀರಿಗೆ ಇಳಿಯುತ್ತವೆ. ಬಸಿದು ಚೆಲ್ಲಿದರೆ ಅವೂ ಹೋದಂತೆ. ಕೆಂಪು ರಕ್ತಕಣ ತಯಾರಾಗಲು ಕಬ್ಬಿಣದಷ್ಟೇ ಫೋಲೇಟ್ ಕೂಡ ಬೇಕು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಮಾತ್ರೆಯ ಹೆಸರಿನಲ್ಲೇ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಎರಡೂ ಇರುವುದನ್ನು ಗಮನಿಸಿ. ಬೇಯಿಸಿದ ನೀರನ್ನೇ ಸಾರಾಗಿಸಿದ ಅಡುಗೆ ಈ ನಷ್ಟವನ್ನು ತಪ್ಪಿಸುತ್ತದೆ. ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ: ಒಣ ಕಾಳು ನೆನೆಹಾಕಿದ ನೀರನ್ನು ಚೆಲ್ಲಿದರೆ ಅಡ್ಡಿಯಿಲ್ಲ, ಬೇಯಿಸಿದ ನೀರನ್ನು ಚೆಲ್ಲಬಾರದು.

ಪಾತ್ರೆಯ ಮಾತೂ ಇದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿಯಿರುವ ಅಡುಗೆ ಮಾಡಿದರೆ ಆಮ್ಲವು ಲೋಹವನ್ನು ಸ್ವಲ್ಪ ಕರಗಿಸಿ ಆಹಾರಕ್ಕೆ ಕಬ್ಬಿಣ ಸೇರಿಸುತ್ತದೆ. ಅಲ್ಯುಮಿನಿಯಂ, ಸ್ಟೀಲ್ ಪಾತ್ರೆಗಳಿಂದ ಈ ಲಾಭವಿಲ್ಲ. ಮೂಲೆ ಸೇರಿದ ಹಳೆಯ ಬಾಣಲೆ ಮನೆಯಲ್ಲಿದ್ದರೆ ಪಲ್ಯಕ್ಕಾದರೂ ಬಳಸಬಹುದು.

ಒಲೆಯಿಂದ ಇಳಿಸಿದ ಮೇಲೆ

ಸಸ್ಯಾಹಾರದ ಕಬ್ಬಿಣ ಬಹುಪಾಲು ಫೆರಿಕ್ ರೂಪದಲ್ಲಿರುತ್ತದೆ. ಜಠರದ ಆಮ್ಲದಲ್ಲಿ ಅದು ಕರಗಿದರೂ ಆಮ್ಲೀಯತೆ ಕಡಿಮೆಯಾದ ಕರುಳನ್ನು ತಲುಪಿದಾಗ ಮತ್ತೆ ಕರಗದ ರೂಪಕ್ಕೆ ತಿರುಗುತ್ತದೆ. ಕರುಳಿನ ಕೋಶಗಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪವನ್ನು. ವಿಟಮಿನ್ ಸಿ ಎರಡು ಕೆಲಸ ಮಾಡುತ್ತದೆ. ಫೆರಿಕ್ ಕಬ್ಬಿಣವನ್ನು ಅಪಕರ್ಷಿಸಿ ಫೆರಸ್ ಆಗಿಸುತ್ತದೆ; ಅದರೊಂದಿಗೆ ಸೇರಿ ಕರಗಿದ ಸ್ಥಿತಿಯಲ್ಲೇ ಇರಿಸುತ್ತದೆ. ಊಟದ ಜೊತೆ 50 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇದ್ದರೆ ಹೀರಿಕೆ ಎರಡು ಪಟ್ಟಾಗಬಹುದು. ನಮ್ಮ ಲೆಕ್ಕದ 0.46 ಮಿಲಿಗ್ರಾಂ ಆಗ 0.92 ಆಗುತ್ತದೆ. ಮುದ್ದೆ ಅದೇ, ಸಾರು ಅದೇ!

ಸಾಧಾರಣ ಗಾತ್ರದ ಒಂದು ಸೀಬೆಹಣ್ಣಿನಲ್ಲಿ ಇದಕ್ಕಿಂತ ಹೆಚ್ಚು ವಿಟಮಿನ್ ಸಿ ಇದೆ. ಬೆಟ್ಟದ ನೆಲ್ಲಿಕಾಯಿಯಲ್ಲಿ ಧಾರಾಳವಾಗಿದೆ. ನಿಂಬೆಯಲ್ಲಿ ಪ್ರಮಾಣ ಕಡಿಮೆಯಾದರೂ ಜೊತೆಗಿರುವ ಸಿಟ್ರಿಕ್ ಆಮ್ಲವೂ ಸಹಾಯಕ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲಕ್ಕೂ ಅಂಥ ಗುಣವಿದೆ. ಆದರೆ ವಿಟಮಿನ್ ಸಿ ಶಾಖಕ್ಕೆ ಕೆಡುತ್ತದೆ. ಆದ್ದರಿಂದ ನಿಂಬೆಹಣ್ಣನ್ನು ಕುದಿಯುವ ಸಾರಿಗೆ ಹಿಂಡದೆ ತಟ್ಟೆಗೆ ಹಿಂಡಿಕೊಳ್ಳಿ. ಉಪ್ಸಾರಿನ ಖಾರಕ್ಕೆ ಹಸಿಮೆಣಸಿನಕಾಯಿಯನ್ನು ಹಸಿಯಾಗಿಯೇ ಅರೆದರೆ ಅದರ ವಿಟಮಿನ್ ಸಿ ಉಳಿಯುತ್ತದೆ. ಸೀಬೆಯನ್ನು ಸಂಜೆಗೆ ಇಡುವ ಬದಲು ಊಟದ ಜೊತೆಗೇ ತಿನ್ನಿ. ಹೊಟ್ಟೆಯಲ್ಲಿ ಕಬ್ಬಿಣ ಮತ್ತು ವಿಟಮಿನ್ ಸಿ ಒಟ್ಟಿಗೆ ಇರಬೇಕು, ಅಷ್ಟೆ.

ಊಟ ಮುಗಿಸಿದ ಕೂಡಲೇ ಚಹಾ ಕುಡಿದರೆ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಊಟದೊಂದಿಗೆ ಕುಡಿದ ಚಹಾ ಹೀಮ್ ಅಲ್ಲದ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಕಾಫಿಯ ಪರಿಣಾಮ ಸ್ವಲ್ಪ ಕಡಿಮೆ. ಚಹಾ ಬಿಡಬೇಕಾಗಿಲ್ಲ, ಊಟಕ್ಕೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಕೊಟ್ಟರೆ ಸಾಕು.

ಹಾಲಿನ ವಿಷಯವೇನು? ಕ್ಯಾಲ್ಸಿಯಂ ಕೂಡ ಕಬ್ಬಿಣದ ಹೀರಿಕೆಯನ್ನು ಸ್ವಲ್ಪ ತಡೆಯುತ್ತದೆ. ಆದರೆ ಮೂಳೆ ಬೆಳೆಯುವ ವಯಸ್ಸಿನಲ್ಲಿ ಹಾಲು, ಮಜ್ಜಿಗೆ ಬಿಡುವಂತಿಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿಗೆ 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಆ ಲೋಟದಿಂದ ಮಗುವಿಗೆ ಒಳ್ಳೆಯ ಕ್ಯಾಲ್ಸಿಯಂ ಸಿಗುತ್ತದೆ. ಕಬ್ಬಿಣವನ್ನು ಬೇರೆ ಹೊತ್ತಿನ ಊಟದಿಂದ ನಿರೀಕ್ಷಿಸೋಣ. ಅಧ್ಯಾಪಕರು ಒಂದು ಎಚ್ಚರ ವಹಿಸಬಹುದು: ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ಅಥವಾ ಚಹಾದ ಜೊತೆ ನುಂಗಿಸಬಾರದು. ಮಧ್ಯಾಹ್ನದ ಊಟದ ನಂತರ ನೀರಿನೊಂದಿಗೆ ಕೊಡುವುದು ಒಳ್ಳೆಯದು.

ನೀವೇ ಮಾಡಿ ನೋಡಿ

ಚಹಾ ಕಬ್ಬಿಣವನ್ನು ಹಿಡಿಯುವುದನ್ನು ಕಣ್ಣಾರೆ ನೋಡಬಹುದು. ಬೇಕಾದದ್ದು: ಹಾಲು, ಸಕ್ಕರೆ ಇಲ್ಲದ ಚಹಾ ಡಿಕಾಕ್ಷನ್, ಒಂದು ನಿಂಬೆಹಣ್ಣು, ಪ್ರಯೋಗಾಲಯದ ಫೆರಸ್ ಸಲ್ಫೇಟ್. ಇದನ್ನೇ ಅನ್ನಭೇದಿ ಎನ್ನುತ್ತಾರೆ. ನಾಲ್ಕು ಗಾಜಿನ ಲೋಟ ತೆಗೆದುಕೊಂಡು ಗುರುತು ಹಾಕಿ.

ಒಂದನೆಯದರಲ್ಲಿ ಡಿಕಾಕ್ಷನ್ ಮಾತ್ರ. ಎರಡನೆಯದರಲ್ಲಿ ಡಿಕಾಕ್ಷನ್ ಮತ್ತು ಚಿಟಿಕೆ ಅನ್ನಭೇದಿ. ಮೂರನೆಯದರಲ್ಲಿ ಡಿಕಾಕ್ಷನ್ ಮತ್ತು ಒಂದು ಚಮಚ ನಿಂಬೆರಸ. ನಾಲ್ಕನೆಯದರಲ್ಲಿ ಡಿಕಾಕ್ಷನ್, ನಿಂಬೆರಸ ಮತ್ತು ಚಿಟಿಕೆ ಅನ್ನಭೇದಿ. ಎಲ್ಲವನ್ನೂ ಕಲಕಿ ಅರ್ಧ ಗಂಟೆ ಬಿಡಿ. ಯಾವುದನ್ನೂ ಬಾಯಿಗೆ ಹಾಕಬಾರದು.

ಎರಡನೆಯ ಲೋಟ ಶಾಯಿಯಂತೆ ಕಪ್ಪಾಗುತ್ತದೆ. ಕಬ್ಬಿಣ ಮತ್ತು ಟ್ಯಾನಿನ್ ಸೇರಿ ಆದ ಬಣ್ಣ ಅದು. ಹಿಂದಿನವರು ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಕಪ್ಪು ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ನಾಲ್ಕನೆಯ ಲೋಟದಲ್ಲಿ ಬಣ್ಣ ಅಷ್ಟು ಕಪ್ಪಾಗುವುದಿಲ್ಲ. ಮೂರನೆಯ ಲೋಟ ಏಕೆ ಬೇಕಾಯಿತು? ವಿದ್ಯಾರ್ಥಿಗಳನ್ನೇ ಕೇಳಿ. ನಿಂಬೆರಸ ಬಿದ್ದರೆ ಚಹಾದ ಬಣ್ಣವೇ ತಿಳಿಯಾಗುತ್ತದೆ. ಆ ಬದಲಾವಣೆಯನ್ನು ಬೇರ್ಪಡಿಸಿ ನೋಡದಿದ್ದರೆ ನಮ್ಮ ತೀರ್ಮಾನ ತಪ್ಪಾದೀತು. ಲೋಟ ಕರುಳಲ್ಲ ಎಂಬುದನ್ನೂ ಹೇಳಿ. ಇಲ್ಲಿ ಕಾಣುವುದು ರಾಸಾಯನಿಕ ಸೆಳೆತ ಮಾತ್ರ. ಹೀರಿಕೆಯ ಪ್ರಮಾಣವನ್ನು ಮನುಷ್ಯರಲ್ಲಿ ಅಳೆದೇ ತಿಳಿಯಬೇಕು.

ಒಂದು ವಾರದ ಪಟ್ಟಿ

ಎರಡನೆಯ ಚಟುವಟಿಕೆ ಇನ್ನೂ ಸುಲಭ. ಪ್ರತಿ ವಿದ್ಯಾರ್ಥಿಯೂ ಏಳು ದಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಇಂದು ಏನು ಉಂಡೆ? ಅದರಲ್ಲಿ ನೆನೆಸಿದ, ಮೊಳಕೆ ಬಂದ ಅಥವಾ ಹುಳಿ ಬರಿಸಿದ ಪದಾರ್ಥವಿತ್ತೇ? ಊಟದ ಜೊತೆ ಹಸಿಯಾದ ಹುಳಿ ಅಥವಾ ಹಣ್ಣು ಇತ್ತೇ? ಚಹಾ ಕುಡಿದದ್ದು ಊಟವಾಗಿ ಎಷ್ಟು ಹೊತ್ತಿಗೆ? ವಾರದ ಕೊನೆಗೆ ತರಗತಿಯ ಒಟ್ಟು ಲೆಕ್ಕ ಹಾಕಿ ಸ್ತಂಭಾಲೇಖ ಬರೆಯಿರಿ.

ಪಟ್ಟಿಯಲ್ಲಿ ಮಕ್ಕಳ ಹೆಸರು ಬೇಡ. ಯಾರ ಮನೆಯಲ್ಲಿ ಏನಿಲ್ಲ, ಯಾರು ಏನು ತಿನ್ನುತ್ತಾರೆ ಎಂಬುದು ತರಗತಿಯ ಚರ್ಚೆಗೆ ಬರಬಾರದು. ಒಂದು ಹೊತ್ತು ಅರೆಹೊಟ್ಟೆಯಲ್ಲಿ ಮಲಗುವ ಮಗುವಿಗೆ ನಿಂಬೆಹಣ್ಣಿನ ಪಾಠ ಹೇಳುವುದು ಸರಿಯಲ್ಲ. ಅಂಥ ಮಗು ಕಂಡರೆ ಮಾಡಬೇಕಾದ ಕೆಲಸ ಬೇರೆಯೇ ಇದೆ.

ಇನ್ನೊಂದು ಮಾತು. ರಕ್ತಹೀನತೆ ಈಗಾಗಲೇ ಇದ್ದರೆ ಊಟದ ಬದಲಾವಣೆಯಿಂದಲೇ ಅದು ವಾಸಿಯಾಗುವುದಿಲ್ಲ. ಹನ್ನೆರಡು ವರ್ಷ ದಾಟಿದ ಹುಡುಗಿಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಇದು ಕಣ್ಣಿನ ಅಂದಾಜಿಗೆ ಸಿಗುವಂಥದ್ದಲ್ಲ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ತಿಳಿಸಿದರೆ ಮಕ್ಕಳು ಹೆದರಿ ಮಾತ್ರೆ ಬಿಸಾಡುವುದಿಲ್ಲ. ಬರಿಗಾಲಲ್ಲಿ ಹೊಲಗದ್ದೆಗಳಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಅಂಟಬಹುದು. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳು ಹೊಟ್ಟೆಯಲ್ಲಿರುವಾಗ ಎಷ್ಟು ಮುದ್ದೆ ತಿಂದರೂ ಲೆಕ್ಕ ಸರಿಹೋಗದು. ಜಂತುಹುಳು ನಿವಾರಣೆಯ ದಿನ ಕೊಡುವ ಮಾತ್ರೆಯನ್ನು ಎಲ್ಲ ಮಕ್ಕಳೂ ನುಂಗಿದರೇ ಎಂದು ನೋಡುವುದು ಈ ಕಾರಣಕ್ಕೆ ಮುಖ್ಯ.

ಈ ರಾತ್ರಿ ಮನೆಯಲ್ಲಿ ಮುದ್ದೆಯಿದ್ದರೆ ತಟ್ಟೆಯ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಇಟ್ಟುಕೊಳ್ಳಿ. ನಾಳೆಗೆ ಹುರುಳಿ ಸಾರು ಮಾಡುವುದಾದರೆ ಕಾಳು ನೆನೆಹಾಕಲು ಈಗ ತಡವಾಗಿದೆ. ನಾಡಿದ್ದಿಗೆ ಇಟ್ಟುಕೊಂಡರೆ ಮೊಳಕೆಗೂ ಸಮಯ ಸಿಗುತ್ತದೆ.